ಬಟ್ಟೆ ನೋಡಿ ಬಿಸಿ ಕೊಡಿ: ಹೀಟ್ ಟ್ರಾನ್ಸ್‌ಫರ್ ವಿನೈಲ್ ಅಂಟಿಸುವ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಕುಂಬಳೆ ಕಡೆಯ ನಮ್ಮ ಸಣ್ಣ ಅಂಗಡಿಗೆ ಎರಡು ಬಗೆಯ ಆರ್ಡರ್ ಬರುತ್ತದೆ. ನವೆಂಬರ್ 1 ಅಂದರೆ ಅತ್ತ ಕರ್ನಾಟಕ ರಾಜ್ಯೋತ್ಸವ, ಇತ್ತ ಕೇರಳ ಪಿರವಿ. ಎರಡು ರಾಜ್ಯಗಳೂ 1956ರಲ್ಲಿ ಅದೇ ದಿನ ರೂಪ ಪಡೆದವು. ಹಾಗಾಗಿ ಬೆಳಿಗ್ಗೆ ಮಲಯಾಳಂ ಅಕ್ಷರದ ಟೀ ಶರ್ಟ್, ಮಧ್ಯಾಹ್ನ ಕನ್ನಡ ಅಕ್ಷರದ ಟೀ ಶರ್ಟ್. ಮೇಜು ಒಂದೇ, ಮಷಿನ್ ಒಂದೇ.

ಈಗ ನಮ್ಮ ಕಾಸರಗೋಡು, ಮಂಜೇಶ್ವರ ಕಡೆ ಕ್ಲಬ್ಬಿನ ಹುಡುಗರು, ಕುಟುಂಬಶ್ರೀ ಗುಂಪಿನ ಅಕ್ಕಂದಿರು, ಟೈಲರ್ ಅಂಗಡಿಯವರು ಹೀಟ್ ಪ್ರೆಸ್, ಅಂದರೆ ಬಿಸಿ ಪ್ಲೇಟಿನಿಂದ ಒತ್ತಿ ಅಂಟಿಸುವ ಮಷಿನ್ ತೆಗೆದುಕೊಳ್ಳುತ್ತಿದ್ದಾರೆ. ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಅಣ್ಣಾ, ಎಷ್ಟು ಡಿಗ್ರಿ ಇಡ್ಬೇಕು?" ನಾನು ತಿರುಗಿ ಕೇಳುವುದೂ ಒಂದೇ. "ಬಟ್ಟೆ ಯಾವುದು?" ಅದು ಗೊತ್ತಿಲ್ಲದೆ ಡಿಗ್ರಿ ಹೇಳಲು ಆಗುವುದಿಲ್ಲ. ವಿನೈಲ್ ಅಂದರೆ ಅಕ್ಷರ ಕತ್ತರಿಸಿ ಬಿಸಿಯಿಂದ ಅಂಟಿಸುವ ಬಣ್ಣದ ಹಾಳೆ. ಅದೇ ವಿನೈಲ್ ಕಾಟನ್ ಮೇಲೆ ವರ್ಷಗಟ್ಟಲೆ ಇರುತ್ತದೆ, ಕೊಡೆಯ ಬಟ್ಟೆಯ ಮೇಲೆ ಎರಡೇ ದಿನದಲ್ಲಿ ಏಳುತ್ತದೆ. ಈ ಬರಹದಲ್ಲಿ ಅದನ್ನೇ ವಿವರವಾಗಿ ಹೇಳುತ್ತೇನೆ.

ವಿನೈಲ್ ಒಳಗೆ ಏನಿದೆ

ಹೀಟ್ ಟ್ರಾನ್ಸ್‌ಫರ್ ವಿನೈಲನ್ನು ನಾವು ಎಚ್‌ಟಿವಿ ಅಂತ ಕರೆಯುತ್ತೇವೆ. ಇದರಲ್ಲಿ ಮೂರು ಪದರ ಇದೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದು ಕ್ಯಾರಿಯರ್ ಶೀಟ್. ನಡುವೆ ಬಣ್ಣದ ಪದರ. ಕೆಳಗೆ ಬಿಸಿಗೆ ಕರಗುವ ಅಂಟು. ಅಂಟು ಕರಗಿ ಬಟ್ಟೆಯ ನೂಲಿನ ಒಳಗೆ ಇಳಿಯಬೇಕು. ತಣಿದ ಮೇಲೆ ನೂಲನ್ನು ಹಿಡಿದುಕೊಳ್ಳಬೇಕು. ಇಡೀ ಕೆಲಸ ಇಷ್ಟೇ. ಬಿಸಿ ಕಡಿಮೆಯಾದರೆ ಅಂಟು ಪೂರ್ತಿ ಕರಗುವುದಿಲ್ಲ. ಒತ್ತಡ ಕಡಿಮೆಯಾದರೆ ಕರಗಿದ ಅಂಟು ನೂಲಿನೊಳಗೆ ಇಳಿಯುವುದಿಲ್ಲ. ಸಮಯ ಜಾಸ್ತಿಯಾದರೆ ಬಣ್ಣದ ಪದರವೇ ಕುಗ್ಗುತ್ತದೆ, ಅಂಟು ಅಂಚಿನಿಂದ ಹೊರಗೆ ಬರುತ್ತದೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತದೆ. ಪಿಯು (ಪಾಲಿಯುರೆಥೇನ್) ಮತ್ತು ಪಿವಿಸಿ. ಪಿಯು ತೆಳು, ಮೆತ್ತಗೆ, ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಮೈಗೆ ಹಾಕುವ ಬಟ್ಟೆಗೆ ನಾನು ಪಿಯು ಮಾತ್ರ ಬಳಸುತ್ತೇನೆ. ಪಿವಿಸಿ ದಪ್ಪ, ಅಗ್ಗ. ಬ್ಯಾಗು, ಬ್ಯಾನರಿನ ಬಟ್ಟೆಗೆ ನಡೆಯುತ್ತದೆ. ಮಕ್ಕಳ ಬಟ್ಟೆಗೆ ದಯವಿಟ್ಟು ಹಾಕಬೇಡಿ. ಇನ್ನೊಂದು ಮಾತು. ಪಿವಿಸಿ ವಿನೈಲನ್ನು ಲೇಸರ್ ಮಷಿನ್ನಿನಲ್ಲಿ ಕತ್ತರಿಸಲೇಬಾರದು. ಸುಟ್ಟಾಗ ಬರುವ ಹೊಗೆಯಲ್ಲಿ ಆಮ್ಲ ಇರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನ್ನಿಗೂ ಕೆಟ್ಟದ್ದು.

ಇವುಗಳ ಜೊತೆ ಗ್ಲಿಟರ್, ಮಖಮಲ್ಲಿನಂಥ ಫ್ಲಾಕ್, ಫಾಯಿಲ್, ಕತ್ತಲೆಯಲ್ಲಿ ಹೊಳೆಯುವುದು, ಹೀಗೆ ಬೇರೆ ಬೇರೆ ಇವೆ. ಮೊದಲ ಆರು ತಿಂಗಳು ಅವುಗಳ ತಂಟೆಗೆ ಹೋಗಬೇಡಿ. ಬಿಳಿ, ಕಪ್ಪು, ಹಳದಿ, ಕೆಂಪು ಪಿಯು ರೋಲ್ ಸಾಕು.

ಬೇಕಾದ ಸಾಮಾನು

ಕಟ್ಟಿಂಗ್ ಪ್ಲಾಟರ್ (ಕಂಪ್ಯೂಟರಿನ ವಿನ್ಯಾಸವನ್ನು ಬ್ಲೇಡಿನಿಂದ ಕತ್ತರಿಸುವ ಮಷಿನ್), ಹೀಟ್ ಪ್ರೆಸ್, ಬಿಸಿಗೆ ಅಂಟಿಕೊಳ್ಳದ ಟೆಫ್ಲಾನ್ ಶೀಟ್, ಮೊನೆ ಚೂಪಾದ ಚಿಮುಟ ಅಥವಾ ಬೇಡದ ಚೂರು ಕೀಳುವ ವೀಡಿಂಗ್ ಕೊಕ್ಕೆ, ಅಳತೆ ಟೇಪ್. ಹೀಟ್ ಪ್ರೆಸ್ಸಿನಲ್ಲಿ 15 ಇಂಚು ಉದ್ದ, 15 ಇಂಚು ಅಗಲದ್ದು ಸಾಮಾನ್ಯ ಕೆಲಸಕ್ಕೆ ಸಾಲುತ್ತದೆ. ಇಂಥ ಪ್ರೆಸ್ ಸುಮಾರು 1800 ವ್ಯಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಲೆಕ್ಕ ಹಾಕಿದರೆ 8 ಆಂಪಿಯರ್ ಹತ್ತಿರ. ಆದ್ದರಿಂದ ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಚುಚ್ಚಬೇಡಿ. ಮಿಕ್ಸಿ ಇರುವ ಎಕ್ಸ್‌ಟೆನ್ಶನ್ ಬಾಕ್ಸಿಗಂತೂ ಬೇಡವೇ ಬೇಡ. 16 ಆಂಪಿಯರಿನ ಪವರ್ ಪ್ಲಗ್, ಸರಿಯಾದ ಅರ್ತಿಂಗ್, ಇವೆರಡೂ ಇರಲಿ.

ಹೊಸ ಪ್ರೆಸ್ ಬಂದ ದಿನ ಒಂದು ಪರೀಕ್ಷೆ ಮಾಡಿ. ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಕಾಗದದ ಪಟ್ಟಿ ಅರ್ಧ ಹೊರಗೆ ಇರುವಂತೆ ಇಟ್ಟು, ಬಿಸಿ ಮಾಡದೆ ಪ್ರೆಸ್ ಮುಚ್ಚಿ. ಒಂದೊಂದಾಗಿ ಎಳೆಯಿರಿ. ಎಲ್ಲವೂ ಒಂದೇ ಬಿಗಿಯಲ್ಲಿ ಇರಬೇಕು. ಒಂದು ಮೂಲೆಯ ಪಟ್ಟಿ ಸಲೀಸಾಗಿ ಬಂದರೆ ಆ ಮೂಲೆಯಲ್ಲಿ ಒತ್ತಡ ಇಲ್ಲ ಅಂತ ಅರ್ಥ. ಆ ಜಾಗದಲ್ಲಿ ಬಿದ್ದ ಅಕ್ಷರ ಮೊದಲು ಏಳುತ್ತದೆ.

ಬಟ್ಟೆ ಗುರುತಿಸುವುದು

ತಿರುಪ್ಪೂರಿನಿಂದ ಬರುವ ಟೀ ಶರ್ಟಿಗೆ ಹೆಚ್ಚಾಗಿ ಒಳಗೆ ಚೀಟಿ ಇರುತ್ತದೆ. ಆದರೆ ಗಿರಾಕಿ ತಾನೇ ತಂದು ಕೊಡುವ ಬಟ್ಟೆಯಲ್ಲಿ ಚೀಟಿ ಕಿತ್ತಿರುತ್ತದೆ. ಆಗ ಒಳಗಿನ ಹೊಲಿಗೆಯ ಹತ್ತಿರದಿಂದ ಎರಡು ನೂಲು ತೆಗೆದು ಚಿಮುಟದಲ್ಲಿ ಹಿಡಿದು ಸುಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಂತೆ ಆಗುತ್ತದೆ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ. ಕಾಗದದ ವಾಸನೆಯೂ ಬಂದು ಮಣಿಯೂ ಆದರೆ ಕಾಟನ್ ಪಾಲಿಯೆಸ್ಟರ್ ಬೆರಕೆ. ಬೆರಕೆಯನ್ನು ಪಾಲಿಯೆಸ್ಟರ್ ಅಂತಲೇ ತಿಳಿದು ಕೆಲಸ ಮಾಡಿ. ಅದರಿಂದ ನಷ್ಟ ಇಲ್ಲ.

ಎರಡನೇ ಪರೀಕ್ಷೆ ನೀರಿನದ್ದು. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹೀರಿಕೊಂಡರೆ ಅಂಟೂ ಇಳಿಯುತ್ತದೆ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಉರುಳಿದರೆ ಬಟ್ಟೆಗೆ ನೀರು ತಡೆಯುವ ಲೇಪ ಇದೆ. ಸಾಮಾನ್ಯ ವಿನೈಲ್ ಅಲ್ಲಿ ನಿಲ್ಲುವುದಿಲ್ಲ.

ಕನ್ನಡ ಅಕ್ಷರವನ್ನು ಕತ್ತರಿಸಲು ತಯಾರು ಮಾಡುವುದು

ಈ ಭಾಗ ನನಗೆ ತುಂಬಾ ಹತ್ತಿರದ್ದು. ಇಂಗ್ಲಿಷ್ ಅಕ್ಷರಕ್ಕೆ ಹೇಳಿಕೊಡುವವರು ಬಹಳ ಜನ ಇದ್ದಾರೆ. ಕನ್ನಡ ಅಕ್ಷರದ ಕಷ್ಟವೇ ಬೇರೆ. ಅದನ್ನು ಹೇಳಿಕೊಡುವವರು ಕಡಿಮೆ.

ಕನ್ನಡ ಫಾಂಟಿನಲ್ಲಿ 'ಕೊ' ಅಂತ ಟೈಪ್ ಮಾಡಿದರೆ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಎರಡು ಮೂರು ತುಂಡು ಒಂದರ ಮೇಲೊಂದು ಕೂತಿರಬಹುದು. ತಲೆಕಟ್ಟು, ಗುಣಿತದ ಚಿಹ್ನೆ, ಒತ್ತಕ್ಷರ, ಹೀಗೆ. ಪ್ರಿಂಟರಿಗೆ ಅದರಿಂದ ತೊಂದರೆ ಇಲ್ಲ. ಪ್ಲಾಟರಿನ ಬ್ಲೇಡ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ಕತ್ತರಿಸುತ್ತದೆ. ಅಕ್ಷರದ ಹೊಟ್ಟೆಯೊಳಗೇ ಗೀರು ಬೀಳುತ್ತದೆ. ವೀಡಿಂಗ್ ಮಾಡುವಾಗ 'ಕೊ'ದ ಕೊಂಬು ಕೈಗೆ ಬರುತ್ತದೆ. ಆದ್ದರಿಂದ ಮೊದಲು ಅಕ್ಷರವನ್ನು ಗೆರೆಗೆ ಬದಲಾಯಿಸಿ. ಇಂಕ್‌ಸ್ಕೇಪಿನಲ್ಲಿ 'ಆಬ್ಜೆಕ್ಟ್ ಟು ಪಾತ್', ಕೋರಲ್ ಡ್ರಾದಲ್ಲಿ 'ಕನ್ವರ್ಟ್ ಟು ಕರ್ವ್ಸ್'. ಆಮೇಲೆ ತುಂಡುಗಳನ್ನು ಒಂದುಗೂಡಿಸಿ. ಇಂಕ್‌ಸ್ಕೇಪಿನಲ್ಲಿ ಅದು 'ಯೂನಿಯನ್', ಕೋರಲ್ಲಿನಲ್ಲಿ 'ವೆಲ್ಡ್'. ನಂತರ ಬಣ್ಣ ತೆಗೆದು ಬರೀ ಗೆರೆ ಮಾತ್ರ ಕಾಣುವ ಹಾಗೆ ಇಟ್ಟು ನೋಡಿ. ಅಕ್ಷರದ ಒಳಗೆ ಅಡ್ಡ ಗೆರೆ ಉಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರ ಪಲ್ಲಟ ಆಗುವುದುಂಟು. ಗಿರಾಕಿಯಿಂದ ಫೈಲ್ ತೆಗೆದುಕೊಳ್ಳುವಾಗ ಜೊತೆಗೆ ಒಂದು ಫೋಟೋ ಕೇಳಿ. ಅಥವಾ ಹೆಸರನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ಸಲ ಶಾಲೆಯೊಂದರ ಆರ್ಡರಿನಲ್ಲಿ ಒತ್ತಕ್ಷರ ಬಿಟ್ಟುಹೋಗಿತ್ತು. ಮಾಷ್ಟ್ರು ನೋಡಿ ಬೇಜಾರು ಮಾಡಿಕೊಂಡರು. "ಮಕ್ಕಳು ಬೆನ್ನ ಮೇಲೆ ತಪ್ಪು ಕನ್ನಡ ಹೊತ್ತುಕೊಂಡು ಹೋಗ್ಬೇಕಾ?" ಅಂದರು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ನಮ್ಮ ಊರಿನಲ್ಲಿ ಕನ್ನಡ ಅಕ್ಷರ ಎದ್ದು ಕಾಣುವ ಜಾಗಗಳೇ ಕಡಿಮೆ. ಇರುವ ಜಾಗದಲ್ಲಾದರೂ ಸರಿಯಾಗಿ ಇರಬೇಕು. ಅಂದಿನಿಂದ ಕತ್ತರಿಸುವ ಮೊದಲು ಎರಡು ಜನ ಓದುವುದು ನಮ್ಮಲ್ಲಿ ಕಡ್ಡಾಯ.

ಫಾಂಟ್ ಆರಿಸುವಾಗ ದಪ್ಪದ್ದನ್ನು ಆರಿಸಿ. ಗೆರೆ 1.5 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಒಗೆತಕ್ಕೆ ಬಾಳುವುದಿಲ್ಲ. ಎದೆಯ ಲೋಗೋದಲ್ಲಿ ಸಣ್ಣ ಅಕ್ಷರ ಬೇಕೆಂದು ಹಠ ಮಾಡುವವರಿಗೆ ಕಾಗದದ ಮೇಲೆ ಅದೇ ಅಳತೆಯಲ್ಲಿ ಪ್ರಿಂಟ್ ತೆಗೆದು ತೋರಿಸಿ. 'ಕ್ಷ್ಮಿ', 'ಸ್ತ್ರ' ಇರುವ ಹೆಸರುಗಳಲ್ಲಿ ಒತ್ತು ಕೆಳಗೆ ಇಳಿಯುತ್ತದೆ. ಅದಕ್ಕೂ ಜಾಗ ಲೆಕ್ಕ ಹಾಕಿ. ಒತ್ತು ತುಂಬಾ ಸಣ್ಣದಾದರೆ ಅದನ್ನು ಮಾತ್ರ ಸ್ವಲ್ಪ ದಪ್ಪ ಮಾಡಿದರೆ ತಪ್ಪಿಲ್ಲ.

ಕೊನೆಗೆ ಮಿರರ್ ಮಾಡಿ. ಅಂದರೆ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ. ಕತ್ತರಿಸುವುದು ಅಂಟಿನ ಕಡೆಯಿಂದ, ಓದುವುದು ಇನ್ನೊಂದು ಕಡೆಯಿಂದ. ಜೆರ್ಸಿ ನಂಬರಿನಲ್ಲಿ 0, 8 ಮಾತ್ರ ನೋಡಿ ಮಿರರ್ ಆಗಿದೆ ಅಂದುಕೊಳ್ಳಬೇಡಿ. ಅವು ಎರಡೂ ಕಡೆಯಿಂದ ಒಂದೇ ಥರ ಕಾಣುತ್ತವೆ.

ಕತ್ತರಿಸುವುದು ಮತ್ತು ವೀಡಿಂಗ್

ವಿನೈಲಿನ ಹೊಳೆಯುವ ಕ್ಯಾರಿಯರ್ ಕಡೆ ಕೆಳಗೆ, ಮಾಸಲು ಅಂಟಿನ ಕಡೆ ಮೇಲೆ. ಅನುಮಾನ ಇದ್ದರೆ ಒಂದು ಮೂಲೆಯನ್ನು ಉಗುರಿನಿಂದ ಬಿಡಿಸಿ ನೋಡಿ. ಸಾಮಾನ್ಯ ಪಿಯುಗೆ 45 ಡಿಗ್ರಿ ಬ್ಲೇಡ್, ಗ್ಲಿಟರ್ ಮತ್ತು ಫ್ಲಾಕಿನಂಥ ದಪ್ಪದ್ದಕ್ಕೆ 60 ಡಿಗ್ರಿ ಬ್ಲೇಡ್.

ಪ್ರತಿ ಹೊಸ ರೋಲಿಗೂ ಮೂಲೆಯಲ್ಲಿ ಒಂದು ಸಣ್ಣ ಚೌಕ ಕತ್ತರಿಸಿ ನೋಡಿ. ಬಣ್ಣದ ಪದರ ಪೂರ್ತಿ ತುಂಡಾಗಬೇಕು. ಕ್ಯಾರಿಯರ್ ಮೇಲೆ ಬರೀ ಗೀರಿನ ಗುರುತು ಇರಬೇಕು. ಕ್ಯಾರಿಯರೂ ತುಂಡಾಗಿದ್ದರೆ ಬ್ಲೇಡ್ ಹೊರಗೆ ಜಾಸ್ತಿ ಬಂದಿದೆ ಅಥವಾ ಒತ್ತಡ ಜಾಸ್ತಿ ಇದೆ.

ವೀಡಿಂಗ್ ಅಂದರೆ ಬೇಡದ್ದನ್ನು ಕಿತ್ತು ತೆಗೆಯುವುದು. ಮೊದಲು ಹೊರಗಿನದ್ದು, ಆಮೇಲೆ ಅಕ್ಷರದ ಕಣ್ಣುಗಳು. 'ಭ', 'ಠ', 'ಧ' ಇವುಗಳ ಒಳಗಿನ ಚುಕ್ಕಿ, ಕಿಂಡಿ ಮರೆತುಹೋಗುವುದು ಸಹಜ. 'ಧ'ದ ಸೀಳನ್ನು ಕಿತ್ತರೆ 'ದ' ಆಗಿಬಿಡುತ್ತದೆ. ಕೈಯಲ್ಲಿ ಬರೆದ ಹೆಸರನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಅಕ್ಷರ ಸರಿ ನೋಡಿ. ಅವಸರದ ಕೆಲಸ ಇದಲ್ಲ.

ಕಾಟನ್: ಇಲ್ಲಿಂದ ಕಲಿಯಲು ಶುರು ಮಾಡಿ

ನೂರಕ್ಕೆ ನೂರು ಕಾಟನ್ ಟೀ ಶರ್ಟ್, 180 ಜಿಎಸ್ಎಂ (ಚದರ ಮೀಟರಿಗೆ 180 ಗ್ರಾಂ ತೂಕ), ಕೈ ಕೂರಿಸಲು ಇದಕ್ಕಿಂತ ಒಳ್ಳೆಯದಿಲ್ಲ. 150ರಿಂದ 160 ಡಿಗ್ರಿ ಸೆಲ್ಸಿಯಸ್, 10ರಿಂದ 15 ಸೆಕೆಂಡ್, ಮಧ್ಯಮ ಒತ್ತಡ. ರೋಲಿನ ಜೊತೆ ಕಂಪನಿ ಕೊಟ್ಟ ಅಂಕಿ ಬೇರೆ ಇದ್ದರೆ ಅದನ್ನೇ ಪಾಲಿಸಿ.

1. ಪ್ರೆಸ್ ಪೂರ್ತಿ ಕಾದ ಮೇಲೆ ಐದು ನಿಮಿಷ ಬಿಡಿ. ಸಂಜೆ ವೋಲ್ಟೇಜ್ ಇಳಿದಾಗ ಪ್ಲೇಟ್ ನಿಧಾನವಾಗಿ ಕಾಯುತ್ತದೆ. ಪರದೆಯ ಅಂಕಿ ಬಂದ ತಕ್ಷಣ ಶುರು ಮಾಡಬೇಡಿ.

2. ಬಟ್ಟೆಯನ್ನು ಹಾಸಿ, ನೆರಿಗೆ ಇಲ್ಲದಂತೆ ಕೈಯಲ್ಲಿ ಸವರಿ. ದಾರದ ತುಂಡು, ಕೂದಲು, ಧೂಳು ತೆಗೆಯಿರಿ. ಒಂದು ಸಣ್ಣ ದಾರ ಉಳಿದರೂ ವಿನೈಲ್ ಕೆಳಗೆ ಉಬ್ಬಿ ಕಾಣುತ್ತದೆ.

3. ಬರೀ ಬಟ್ಟೆಗೆ ಐದು ಸೆಕೆಂಡ್ ಪ್ರೆಸ್ ಕೊಡಿ. ತೇವ ಹೋಗುತ್ತದೆ, ನೆರಿಗೆ ಹೋಗುತ್ತದೆ.

4. ಕುತ್ತಿಗೆ ಪಟ್ಟಿಯಿಂದ ನಾಲ್ಕು ಬೆರಳು ಕೆಳಗೆ ವಿನ್ಯಾಸ ಬರಲಿ. ಟೀ ಶರ್ಟನ್ನು ಉದ್ದಕ್ಕೆ ಮಡಚಿ ಒತ್ತಿದರೆ ನಡುಗೆರೆ ಸಿಗುತ್ತದೆ. ವಿನ್ಯಾಸವನ್ನೂ ಹಾಗೆಯೇ ಮಡಚಿ ಎರಡರ ಗೆರೆ ಕೂಡಿಸಿ. ಅಳತೆ ಟೇಪಿಗಿಂತ ಇದು ಬೇಗ ಆಗುತ್ತದೆ.

5. ಮೇಲೆ ಟೆಫ್ಲಾನ್ ಶೀಟ್ ಹಾಸಿ ಪ್ರೆಸ್ ಮುಚ್ಚಿ.

6. ಕ್ಯಾರಿಯರ್ ಬಿಡಿಸಿ. ಕೆಲವು ವಿನೈಲ್ ಬಿಸಿ ಇರುವಾಗಲೇ ಬಿಡಿಸಬೇಕು, ಕೆಲವು ಪೂರ್ತಿ ತಣಿದ ಮೇಲೆ. ತಣ್ಣಗೆ ಬಿಡಿಸಬೇಕಾದ್ದನ್ನು ಬಿಸಿಯಲ್ಲಿ ಎಳೆದರೆ ಅಕ್ಷರವೂ ಜೊತೆಗೆ ಬರುತ್ತದೆ. ಒಂದು ಮೂಲೆ ಎತ್ತಿ ನೋಡಿ. ಅಕ್ಷರ ಏಳುತ್ತಿದ್ದರೆ ಅಲ್ಲೇ ನಿಲ್ಲಿಸಿ, ಕ್ಯಾರಿಯರ್ ಮುಚ್ಚಿ, ಇನ್ನೈದು ಸೆಕೆಂಡ್ ಪ್ರೆಸ್ ಕೊಡಿ.

7. ಕ್ಯಾರಿಯರ್ ತೆಗೆದ ಮೇಲೆ ಟೆಫ್ಲಾನ್ ಹಾಸಿ ಮತ್ತೆ ಐದು ಸೆಕೆಂಡ್. ಈ ಕೊನೆಯ ಪ್ರೆಸ್ಸಿನಲ್ಲಿ ವಿನೈಲ್ ಬಟ್ಟೆಯ ನೇಯ್ಗೆಯ ಒಳಗೆ ಕೂರುತ್ತದೆ. ಬಟ್ಟೆಯ ನೂಲಿನ ಗುರುತು ವಿನೈಲ್ ಮೇಲೆ ಮಸುಕಾಗಿ ಕಂಡರೆ ಸರಿಯಾಗಿ ಹಿಡಿದಿದೆ ಅಂತ ಅರ್ಥ.

ಗಂಜಿ ಹಾಕಿದ ಬಟ್ಟೆ, ಬಟ್ಟೆ ಮೆತ್ತಗೆ ಮಾಡುವ ಕಂಫರ್ಟಿನಂಥ ದ್ರವ ಹಾಕಿ ಒಗೆದ ಬಟ್ಟೆ ಅಂಟನ್ನು ತಡೆಯುತ್ತದೆ. ಅಂಥದ್ದನ್ನು ಬರೀ ಸೋಪಿನಲ್ಲಿ ಒಗೆದು ಒಣಗಿಸಿ ತರಲು ಹೇಳಿ.

ಮಳೆಗಾಲದ ಮಾತು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಕಪಾಟಿನಲ್ಲಿ ಇಟ್ಟ ಬಟ್ಟೆಯೂ ತಣ್ಣಗೆ ತೇವವಾಗಿರುತ್ತದೆ. ಕೈಗೆ ಗೊತ್ತಾಗುವುದಿಲ್ಲ. ಪ್ರೆಸ್ಸಿನ ಬಿಸಿಗೆ ಆ ತೇವ ಆವಿಯಾಗಿ ವಿನೈಲ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸಣ್ಣ ಗುಳ್ಳೆ ಏಳುತ್ತದೆ. ಆಟಿ ತಿಂಗಳಲ್ಲಿ ಒಂದು ಭಜನಾ ಮಂಡಳಿಯ ಆರ್ಡರ್ ಪೂರ್ತಿ ಹೀಗೆ ಗುಳ್ಳೆ ಬಂದು ಮತ್ತೆ ಮಾಡಿಕೊಟ್ಟೆ. ಈಗ ಮಳೆಗಾಲದಲ್ಲಿ ಐದು ಸೆಕೆಂಡ್ ಬದಲು ಎಂಟು ಸೆಕೆಂಡ್, ಎರಡು ಸಲ ಪ್ರೆಸ್ ಕೊಡುತ್ತೇನೆ. ನಡುವೆ ಪ್ರೆಸ್ ತೆರೆದು ಆವಿ ಹೋಗಲು ಬಿಡುತ್ತೇನೆ. ವಿನೈಲ್ ರೋಲನ್ನು ನೆಲದ ಮೇಲೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಿಲ್ಲಿಸಿ ಇಡಿ.

ಜೆರ್ಸಿ: ಪಾಲಿಯೆಸ್ಟರ್ ಮೋಸ ಮಾಡುವ ಜಾಗ

ನಮ್ಮ ಕಡೆ ಜಾಸ್ತಿ ಕೆಲಸ ಬರುವುದೇ ಇದು. ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್. ಪ್ರತಿ ಊರಿಗೆ ಒಂದು ಕ್ಲಬ್, ಪ್ರತಿ ಕ್ಲಬ್ಬಿಗೆ ಒಂದು ಜೆರ್ಸಿ. ಬಟ್ಟೆ ಡ್ರೈ ಫಿಟ್, ಅಂದರೆ ಪಾಲಿಯೆಸ್ಟರ್.

ಹೊಸದಾಗಿ ಶುರು ಮಾಡಿದ ವರ್ಷ ಒಂದು ಕಬಡ್ಡಿ ತಂಡಕ್ಕೆ 12 ಕೆಂಪು ಜೆರ್ಸಿ ಮಾಡಿಕೊಟ್ಟೆ. ಆಡುವವರು ಏಳು, ಬದಲಿ ಐದು. ಬಿಳಿ ನಂಬರ್, ಬಿಳಿ ಹೆಸರು. ಕಾಟನ್ನಿಗೆ ಇಡುವ 160 ಡಿಗ್ರಿಯನ್ನೇ ಇಟ್ಟಿದ್ದೆ. ಕೊಟ್ಟ ದಿನ ಬಹಳ ಚಂದ ಇತ್ತು. ಮೂರನೇ ದಿನ ಕ್ಯಾಪ್ಟನ್ ಫೋನ್ ಮಾಡಿದ. "ಅಣ್ಣಾ, ನಂಬರ್ ಎಲ್ಲಾ ಗುಲಾಬಿ ಆಗಿದೆ." ಹೋಗಿ ನೋಡಿದರೆ ನಿಜ. ಹೊಟ್ಟೆಯೊಳಗೆ ತಣ್ಣಗಾಯಿತು ಮಾರಾಯ್ರೆ. ಆ ಹುಡುಗರು ಒಬ್ಬೊಬ್ಬರೂ ಹಣ ಹಾಕಿ ಕೂಡಿಸಿದ ಜೆರ್ಸಿ ಅದು.

ಕಾರಣ ಆಮೇಲೆ ತಿಳಿಯಿತು. ಪಾಲಿಯೆಸ್ಟರಿಗೆ ಹಾಕುವ ಬಣ್ಣ ಜಾಸ್ತಿ ಬಿಸಿಗೆ ಆವಿಯಾಗುತ್ತದೆ. ಆವಿಯಾದ ಬಣ್ಣ ಮೇಲಿರುವ ವಿನೈಲ್ ಒಳಗೆ ಸೇರುತ್ತದೆ. ಮಗ್ಗಿಗೆ ಫೋಟೋ ಹಾಕುವ ಸಬ್ಲಿಮೇಶನ್ ಕೆಲಸ ನಡೆಯುವುದೂ ಇದೇ ಗುಣದಿಂದ. ಅಲ್ಲಿ ಬೇಕಾದ್ದು, ಇಲ್ಲಿ ಬೇಡವಾದ್ದು. ಪ್ರೆಸ್ ಹೊಡೆದ ತಕ್ಷಣ ಕಾಣುವುದಿಲ್ಲ. ಗಂಟೆ ಕಳೆದು, ದಿನ ಕಳೆದು ಕಾಣುತ್ತದೆ. ಕೆಂಪು, ಮರೂನ್, ಕಡು ನೀಲಿ, ಕಪ್ಪು ಬಟ್ಟೆಯಲ್ಲಿ ಹೆಚ್ಚು. ಪೂರ್ತಿ ಸಬ್ಲಿಮೇಶನ್ ಪ್ರಿಂಟ್ ಇರುವ ಜೆರ್ಸಿಯಲ್ಲಿ ಇನ್ನೂ ಹೆಚ್ಚು.

ಈಗ ನಾನು ಮಾಡುವುದು ಹೀಗೆ. ಕಡಿಮೆ ಬಿಸಿಗೆ ಅಂಟುವ ವಿನೈಲ್ ಬಳಸುತ್ತೇನೆ. ಪಾಲಿಯೆಸ್ಟರಿಗೆ 130 ಡಿಗ್ರಿಯ ಆಸುಪಾಸು, 10 ಸೆಕೆಂಡ್. ಕಡು ಬಣ್ಣದ ಬಟ್ಟೆಯ ಮೇಲೆ ಬಿಳಿ ಅಥವಾ ಹಳದಿ ಬೇಕಾದರೆ ಬಣ್ಣ ತಡೆಯುವ ವಿನೈಲ್ ಸಿಗುತ್ತದೆ. ಸಬ್ಲಿ ಬ್ಲಾಕ್ ಅಂತ ಕೇಳಿ. ಅದರ ಅಂಟಿನ ಕಡೆ ಬೂದು ಅಥವಾ ಕಪ್ಪು ಪದರ ಇರುತ್ತದೆ. ಬೆಲೆ ಜಾಸ್ತಿ, ಆದರೆ ಮತ್ತೆ 12 ಜೆರ್ಸಿ ಕೊಂಡು ಕೊಡುವುದಕ್ಕಿಂತ ಕಡಿಮೆ. ಬಿಸಿ ಜೆರ್ಸಿಯನ್ನು ಒಂದರ ಮೇಲೊಂದು ಪೇರಿಸಿ ಇಡಬೇಡಿ. ಒಳಗಿನ ಬಿಸಿ ಹೋಗದೆ ಬಣ್ಣ ಏರುತ್ತಲೇ ಇರುತ್ತದೆ. ಹಗ್ಗಕ್ಕೆ ತೂಗುಹಾಕಿ ತಣಿಸಿ. ದೊಡ್ಡ ಆರ್ಡರ್ ಆದರೆ ಒಂದು ಜೆರ್ಸಿಯ ಒಳಮಡಿಕೆಯಲ್ಲಿ ಬಿಳಿ ವಿನೈಲಿನ ಚೂರು ಅಂಟಿಸಿ ಎರಡು ದಿನ ಇಟ್ಟು ನೋಡಿ. ಎರಡು ದಿನ ಇಲ್ಲದ ಆರ್ಡರನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಪಾಲಿಯೆಸ್ಟರ್ ಮೇಲೆ ಪ್ಲೇಟಿನ ಚೌಕಾಕಾರದ ಹೊಳಪು ಗುರುತು ಬೀಳುವುದುಂಟು. ಒಳಗೆ ತೆಳು ಫೋಮ್ ದಿಂಬು ಇಟ್ಟು ಪ್ರೆಸ್ ಮಾಡಿದರೆ ಕಡಿಮೆಯಾಗುತ್ತದೆ. ಬಿದ್ದ ಗುರುತಿಗೆ ಇಸ್ತ್ರಿಯ ಆವಿ ಹಿಡಿದು ಕೈಯಲ್ಲಿ ಸವರಿದರೆ ಬಹುಪಾಲು ಹೋಗುತ್ತದೆ. ಫೋಮ್ ಸಿಗದಿದ್ದರೆ ಹಳೆಯ ಮೌಸ್ ಪ್ಯಾಡ್ ಸಾಕು. ಗುಂಡಿ, ಜಿಪ್, ದಪ್ಪ ಹೊಲಿಗೆ ಇರುವ ಬಟ್ಟೆಗೂ ಇದೇ ಉಪಾಯ. ಮುದ್ರಿಸುವ ಜಾಗದ ಕೆಳಗೆ ಮೌಸ್ ಪ್ಯಾಡ್ ಇಟ್ಟರೆ ಹೊಲಿಗೆ ಪಕ್ಕಕ್ಕೆ ಇಳಿಯುತ್ತದೆ, ಒತ್ತಡ ಸರಿಯಾಗಿ ಬೀಳುತ್ತದೆ.

ಬೆನ್ನಿನ ನಂಬರ್ ಎತ್ತರ 8ರಿಂದ 10 ಇಂಚು. ಹೆಸರು 2 ಇಂಚು. ಕನ್ನಡ ಹೆಸರಿಗೆ ಒತ್ತು ಇದ್ದರೆ ನಂಬರನ್ನು ಅರ್ಧ ಇಂಚು ಕೆಳಗೆ ಇಳಿಸಿ. ಮೈಗೆ ಅಂಟುವ ಲೈಕ್ರಾ ಬಟ್ಟೆಗೆ ಹಿಗ್ಗುವ ವಿನೈಲೇ ಬೇಕು, ಇಲ್ಲದಿದ್ದರೆ ಮೊದಲ ರೈಡಿಗೇ ಬಿರುಕು.

ಕೊಡೆ, ಮಳೆ ಕೋಟು, ಶಾಲೆಯ ಬ್ಯಾಗು

ನೀರಿನ ಹನಿಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ನೈಲಾನ್ ಕರಗುವುದು 200 ಡಿಗ್ರಿ ದಾಟಿದ ಮೇಲೆ. ಆದರೆ ಅದಕ್ಕೂ ಮೊದಲೇ ಸುಕ್ಕಾಗುತ್ತದೆ. ಲೇಪ ಇದ್ದರೆ ಅಂಟು ಹಿಡಿಯುವುದೂ ಇಲ್ಲ. ನೈಲಾನಿಗೆಂದೇ ತಯಾರಾದ ವಿನೈಲ್ ಇದೆ, ಅದನ್ನೇ ತರಿಸಿ. ಮಳೆಗಾಲಕ್ಕೆ ಮೊದಲು ಕೊಡೆಯ ಮೇಲೆ ಹೆಸರು ಹಾಕಿಸಲು ಬರುವವರು ಇರುತ್ತಾರೆ. ಕೊಡೆಯ ಒಂದು ಹೋಳು ಮಾತ್ರ ಪ್ಲೇಟಿನ ಮೇಲೆ ಚಪ್ಪಟೆಯಾಗಿ ಕೂರುವಂತೆ ಇಡಿ, ಕಡ್ಡಿ ಹೊರಗಿರಲಿ. ಪ್ಲಾಸ್ಟಿಕ್ ಮಳೆ ಕೋಟಿಗೆ ಬಿಸಿ ಕೊಡಲೇಬೇಡಿ.

ಶಾಲೆಯ ಬ್ಯಾಗಿನ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಕರಗಿ ಒಳಗೊಳಗೇ ಅಂಟಿಕೊಂಡರೆ ಬ್ಯಾಗ್ ತೆರೆಯಲು ಆಗುವುದಿಲ್ಲ. ಒಳಗೆ ಬಟರ್ ಪೇಪರ್ ಹಾಕಿ.

ರೇಷ್ಮೆ, ಶಾಲು, ಕೈಮಗ್ಗದ ಸೀರೆ

ಸನ್ಮಾನದ ಕೇಸರಿ ಶಾಲು ರೇಷ್ಮೆಯ ಹಾಗೆ ಕಂಡರೂ ಬಹಳ ಸಲ ಪಾಲಿಯೆಸ್ಟರ್ ಸ್ಯಾಟಿನ್. ಸುಟ್ಟು ನೋಡಿ ತಿಳಿಯಿರಿ. 130 ಡಿಗ್ರಿ ದಾಟಬೇಡಿ, ಹಗುರ ಒತ್ತಡ ಇಡಿ. ನಿಜವಾದ ರೇಷ್ಮೆಗೆ ಮೊದಲು ಸೆರಗಿನ ಒಳತುದಿಯಲ್ಲಿ ಪರೀಕ್ಷೆ ಮಾಡಿ.

ಕಾಸರಗೋಡು ಸೀರೆ ನಮ್ಮ ಊರಿನ ಹೆಮ್ಮೆ. ಕೈಮಗ್ಗದಲ್ಲಿ ನೇಯ್ದ ಕಾಟನ್ ಸೀರೆ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದದ್ದು. ಕಾಟನ್ ಆದ್ದರಿಂದ ವಿನೈಲ್ ಹಿಡಿಯುತ್ತದೆ, ನಿಜ. ಆದರೂ ಅದರ ಮೇಲೆ ನಾನು ಪ್ರೆಸ್ ಹೊಡೆಯುವುದಿಲ್ಲ. ನೇಯ್ದವರ ಕೈಕೆಲಸದ ಮೇಲೆ ಪ್ಲಾಸ್ಟಿಕ್ ಹೊದಿಸಲು ನನಗೆ ಮನಸ್ಸು ಬರುವುದಿಲ್ಲ. ಗುಂಪಿನ ಹೆಸರು ಬೇಕೆಂದರೆ ರವಿಕೆಯ ತೋಳಿಗೋ, ಜೊತೆಗೆ ಕೊಡುವ ಚೀಲಕ್ಕೋ ಹಾಕಿ ಅಂತ ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಚೀಲಗಳು

ಕ್ಯಾನ್ವಾಸ್ ಚೀಲ ಸುಲಭ, ಕಾಟನ್ನಿನ ಲೆಕ್ಕವೇ, ಒತ್ತಡ ಸ್ವಲ್ಪ ಜಾಸ್ತಿ. ಗೋಣಿ ಚೀಲದ ನೇಯ್ಗೆ ಒರಟು. ಸಣ್ಣ ಅಕ್ಷರ ಬೇಡ, ದೊಡ್ಡ ದಪ್ಪ ಆಕಾರ ಹಾಕಿ. ನಾರು ಎದ್ದಿದ್ದರೆ ಮೊದಲು ಪ್ರೆಸ್ ಕೊಟ್ಟು ಮಲಗಿಸಿ. ಮದುವೆ ಮನೆಯಲ್ಲಿ ಕೊಡುವ ನಾನ್ ವೋವನ್ ಚೀಲದಲ್ಲಿ ಎಚ್ಚರ. ಅದು ಪಾಲಿಪ್ರೊಪಿಲೀನ್, 160 ಡಿಗ್ರಿ ಹೊತ್ತಿಗೆ ಕರಗಿಯೇ ಹೋಗುತ್ತದೆ, ಅದಕ್ಕೂ ಮೊದಲೇ ಗಟ್ಟಿಯಾಗಿ ಮುದುಡುತ್ತದೆ. ಕಡಿಮೆ ಬಿಸಿಯ ವಿನೈಲ್, 115 ಡಿಗ್ರಿ ಸುಮಾರಿಗೆ, ಐದಾರು ಸೆಕೆಂಡ್. ಒಂದು ಚೀಲ ಪರೀಕ್ಷೆಗೆಂದು ಜಾಸ್ತಿ ಕೇಳಿ ಪಡೆಯಿರಿ.

ಬಟ್ಟೆ ಅಲ್ಲದ ಮೇಲ್ಮೈಗಳು

ಮರದ ಮೇಲೆ ಎಚ್‌ಟಿವಿ ಬಹಳ ಚೆನ್ನಾಗಿ ಕೂರುತ್ತದೆ. ಮನೆ ಹೆಸರಿನ ಫಲಕ, ಕೀ ಹೋಲ್ಡರ್ ಮಾಡಬಹುದು. ಮರ ಒಣಗಿರಬೇಕು, ಉಪ್ಪು ಕಾಗದದಿಂದ ಉಜ್ಜಿ ನುಣುಪು ಮಾಡಿರಬೇಕು, ಎಣ್ಣೆ ಹಚ್ಚಿರಬಾರದು. ಉಜ್ಜಿದ ಪುಡಿಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಪ್ರೆಸ್ಸಿಗಿಂತ ಇಸ್ತ್ರಿ ಪೆಟ್ಟಿಗೆ ಇಲ್ಲಿ ಅನುಕೂಲ. ಮರ ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ, ಇಸ್ತ್ರಿಯಲ್ಲಿ ತಗ್ಗು ನೋಡಿ ಒತ್ತಬಹುದು. ಬಣ್ಣ ಹೊಡೆದ ಮರವಾದರೆ ಬಣ್ಣ ಕೆಲವು ದಿನ ಚೆನ್ನಾಗಿ ಒಣಗಲಿ.

ನಿಜವಾದ ಚರ್ಮಕ್ಕೆ 130 ಡಿಗ್ರಿಯೊಳಗೆ, ಕಡಿಮೆ ಸಮಯ, ಮೇಲೆ ಟೆಫ್ಲಾನ್. ಬಿಸಿ ಜಾಸ್ತಿಯಾದರೆ ಚರ್ಮ ಕುಗ್ಗಿ ಗಟ್ಟಿಯಾಗುತ್ತದೆ. ರೆಕ್ಸಿನ್ ಬಿಸಿಗೆ ಮೆತ್ತಗಾಗಿ ಮೇಲ್ಮೈಯ ಗೆರೆ ಅಳಿಸಿಹೋಗುತ್ತದೆ. ಚೂರಿನಲ್ಲಿ ನೋಡದೆ ಮಾಡಬೇಡಿ. ಸ್ಟೀಲ್ ಬಾಟಲಿ, ಗಾಜು, ಹೆಲ್ಮೆಟ್, ಬೈಕಿಗೆ ಎಚ್‌ಟಿವಿ ಅಲ್ಲ, ಸ್ಟಿಕ್ಕರ್ ವಿನೈಲ್ ಬೇಕು. ಅದು ಬೇರೆಯೇ ವಸ್ತು, ಬಿಸಿ ಇಲ್ಲದೆ ಅಂಟುತ್ತದೆ.

ಟೋಪಿಗೆ ಬಾಗಿದ ಪ್ಲೇಟಿನ ಕ್ಯಾಪ್ ಪ್ರೆಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಳಗೆ ಬಿಗಿಯಾಗಿ ಸುತ್ತಿದ ಬೈರಾಸು (ಟವೆಲ್) ತುಂಬಿ ಇಸ್ತ್ರಿಯ ಅಂಚಿನಿಂದ ತುಂಡು ತುಂಡಾಗಿ ಒತ್ತಬಹುದು.

ಎರಡು ಮೂರು ಬಣ್ಣ ಒಂದರ ಮೇಲೊಂದು

ಕೆಳಗಿನ ಬಣ್ಣಕ್ಕೆ ಮೂರು ಸೆಕೆಂಡ್ ಮಾತ್ರ, ಹಿಡಿದುಕೊಂಡರೆ ಸಾಕು. ಕೊನೆಯ ಬಣ್ಣಕ್ಕೆ ಪೂರ್ತಿ ಸಮಯ. ಪ್ರತಿ ಪದರಕ್ಕೂ ಪೂರ್ತಿ ಸಮಯ ಕೊಟ್ಟರೆ ಮೊದಲನೆಯದು ಕುಗ್ಗಿ ಅಂಚು ತಪ್ಪುತ್ತದೆ. ಗ್ಲಿಟರ್ ಮೇಲೆ ಬೇರೆ ಏನೂ ಅಂಟುವುದಿಲ್ಲ, ಅದು ಯಾವಾಗಲೂ ಎಲ್ಲಕ್ಕಿಂತ ಮೇಲೆ. ಯಕ್ಷಗಾನದ ಕಿರೀಟದ ಚಿತ್ರ ಕೇಳುವವರು ಬಹಳ. ಅದನ್ನು ಕಪ್ಪಿನ ಮೇಲೆ ಕೆಂಪು, ಕೆಂಪಿನ ಮೇಲೆ ಚಿನ್ನದ ಬಣ್ಣ ಅಂತ ಪೇರಿಸಬೇಡಿ. ಒಂದೊಂದು ಬಣ್ಣದ ಜಾಗ ಬಿಟ್ಟು ಕತ್ತರಿಸಿ, ಪಕ್ಕಪಕ್ಕಕ್ಕೆ ಜೋಡಿಸಿ. ಎದೆ ಮೇಲೆ ರಟ್ಟಿನ ಹಾಗೆ ಗಟ್ಟಿ ಆಗುವುದಿಲ್ಲ.

ಪ್ರೆಸ್ ಇಲ್ಲದವರಿಗೆ ಇಸ್ತ್ರಿ ಪೆಟ್ಟಿಗೆ

ಮನೆಯಲ್ಲಿ ಒಂದೆರಡು ಮಾಡಲು ಸಾಕು. ಇಸ್ತ್ರಿಯ ಮೂರು ಚುಕ್ಕಿ ಸುಮಾರು 200 ಡಿಗ್ರಿ, ಎರಡು ಚುಕ್ಕಿ 150. ಕಾಟನ್ನಿಗೆ ಎರಡು ಮತ್ತು ಮೂರರ ನಡುವೆ ಇಡಿ. ಆವಿ ಬಂದ್ ಮಾಡಿ, ನೀರು ಚೆಲ್ಲಿ ಖಾಲಿ ಮಾಡಿ. ಮೆತ್ತನೆಯ ಹಾಸಿಗೆ, ಇಸ್ತ್ರಿ ಸ್ಟ್ಯಾಂಡ್ ಬೇಡ. ಗಟ್ಟಿ ಮರದ ಹಲಗೆಯ ಮೇಲೆ ಒಂದು ತೆಳು ಬಟ್ಟೆ ಹಾಸಿ. ಉಜ್ಜಬೇಡಿ. ಮೈಯ ಭಾರ ಹಾಕಿ ಒಂದು ಜಾಗದಲ್ಲಿ 15 ಸೆಕೆಂಡ್ ಒತ್ತಿ, ಎತ್ತಿ, ಪಕ್ಕದ ಜಾಗಕ್ಕೆ ಇಡಿ. ಆವಿಯ ತೂತು ಇರುವ ಭಾಗದಲ್ಲಿ ಬಿಸಿ ಸರಿಯಾಗಿ ಬೀಳುವುದಿಲ್ಲ, ಆದ್ದರಿಂದ ಅರ್ಧ ಅರ್ಧ ಮೇಲೆ ಬರುವಂತೆ ಜರುಗಿಸಿ. ಕೊನೆಗೆ ಬಟ್ಟೆ ಮಗುಚಿ ಹಿಂದಿನಿಂದಲೂ ಒತ್ತಿ.

ತಪ್ಪಾದರೆ

ಅಂಚು ಎದ್ದಿದ್ದರೆ ಟೆಫ್ಲಾನ್ ಹಾಸಿ ಐದು ಸೆಕೆಂಡ್ ಮತ್ತೆ ಪ್ರೆಸ್ ಕೊಡಿ, ಒತ್ತಡ ಒಂದು ಸುತ್ತು ಬಿಗಿ ಮಾಡಿ. ಅಕ್ಷರವೇ ತಪ್ಪಿದ್ದರೆ ಹಿಂದಿನಿಂದ ಬಿಸಿ ಕೊಟ್ಟು, ಬಿಸಿ ಇರುವಾಗಲೇ ಚಿಮುಟದಿಂದ ಒಂದು ಮೂಲೆ ಎತ್ತಿ ಮೆಲ್ಲಗೆ ಎಳೆಯಿರಿ. ಹೊಸದಾಗಿ ಅಂಟಿಸಿದ್ದು ಬರುತ್ತದೆ. ಅಂಟಿನ ಗುರುತು ಉಳಿಯುತ್ತದೆ, ಅದರ ಮೇಲೆ ಸರಿಯಾದ ಅಕ್ಷರವನ್ನು ಸ್ವಲ್ಪ ದೊಡ್ಡದಾಗಿ ಕೂರಿಸಬಹುದು. ಗಿರಾಕಿಗೆ ಮುಚ್ಚಿಡಬೇಡಿ, ತೋರಿಸಿ ಕೊಡಿ.

ತೊಳೆಯುವ ಚೀಟಿ

ಪ್ರತಿ ಆರ್ಡರಿನ ಜೊತೆ ಒಂದು ಸಣ್ಣ ಚೀಟಿ ಹಾಕುತ್ತೇನೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮಲಯಾಳಂ. ಅದರಲ್ಲಿ ಇಷ್ಟೇ ಇದೆ: 24 ಗಂಟೆ ಒಗೆಯಬೇಡಿ. ಒಳಗೆ ಹೊರಗೆ ಮಗುಚಿ ತಣ್ಣೀರಿನಲ್ಲಿ ಒಗೆಯಿರಿ. ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ, ಬ್ಲೀಚ್ ಬೇಡ. ನೆರಳಿನಲ್ಲಿ ಒಣಗಿಸಿ. ಅಕ್ಷರದ ಮೇಲೆ ಇಸ್ತ್ರಿ ಇಡಬೇಡಿ, ಹಿಂದಿನಿಂದ ಇಡಿ. ಅಂಚು ಎದ್ದರೆ ಕೀಳಬೇಡಿ, ಅಂಗಡಿಗೆ ತನ್ನಿ, ಹಣ ಇಲ್ಲದೆ ಕೂರಿಸಿ ಕೊಡುತ್ತೇವೆ.